ಇಂದಿನ ಧಮ್ಮ ಚಿಂತನೆ: ಗುರುವಿನ ನಾಲ್ಕನೆಯ ಕರ್ತವ್ಯ





ರಾಜಗೃಹದಲ್ಲಿ ಒಂದು ಬೆಳಿಗ್ಗೆ ಸಿಗಾಲ ಎಂಬ ಗೃಹಸ್ಥನ ಮಗ ಒದ್ದೆ ಬಟ್ಟೆ, ಒದ್ದೆ ಕೂದಲಿನಲ್ಲಿ ನಿಂತು ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ಭಿಕ್ಷೆಗೆ ಹೊರಟಿದ್ದ ಭಗವಾನ್ ಬುದ್ಧರು ಅವನನ್ನು ಕಂಡು, ಇದನ್ನು ಏಕೆ ಮಾಡುತ್ತೀಯ ಎಂದು ಕೇಳಿದರು. ಅಪ್ಪ ಸಾಯುವಾಗ ಹೇಳಿಹೋಗಿದ್ದಾನೆ, ಅದಕ್ಕೆ ಮಾಡುತ್ತೇನೆ ಎಂದ. ಬುದ್ಧರು ಅವನನ್ನು ಗದರಲಿಲ್ಲ, ನಗಲೂ ಇಲ್ಲ. ದಿಕ್ಕುಗಳ ಅರ್ಥವನ್ನೇ ಬದಲಿಸಿಕೊಟ್ಟರು. ಪೂರ್ವ ಅಂದರೆ ತಂದೆತಾಯಿ. ದಕ್ಷಿಣ ಅಂದರೆ ಗುರುಗಳು. ಪಶ್ಚಿಮ ಅಂದರೆ ಹೆಂಡತಿ ಮಕ್ಕಳು. ಉತ್ತರ ಅಂದರೆ ಗೆಳೆಯರು. ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು. ಮೇಲಿನ ದಿಕ್ಕು ಶ್ರಮಣರು. ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ಇದೆಲ್ಲ ಇದೆ, ನಮ್ಮ ಬಳಗದಲ್ಲಿ ಹಲವರು ಓದಿದ್ದೀರಿ.

ಈ ಸುತ್ತದಲ್ಲಿ ನಾವು ಬೇಗ ಮರೆಯುವ ಒಂದು ಮಾತಿದೆ. ಪ್ರತಿ ದಿಕ್ಕಿನ ಕರ್ತವ್ಯವೂ ಎರಡು ಕಡೆಯದು. ಶಿಷ್ಯ ಗುರುವಿಗೆ ಸಲ್ಲಿಸಬೇಕಾದದ್ದು ಐದು, ಗುರು ಶಿಷ್ಯನಿಗೆ ಸಲ್ಲಿಸಬೇಕಾದದ್ದೂ ಐದು. ಶಿಷ್ಯನ ಐದು ನಮಗೆ ಚಿಕ್ಕಂದಿನಿಂದ ಬಾಯಿಪಾಠ: ಎದ್ದು ಗೌರವಿಸುವುದು, ಬಳಿಯಲ್ಲಿದ್ದು ನೋಡಿಕೊಳ್ಳುವುದು, ಕೇಳುವ ಆಸಕ್ತಿ, ಸೇವೆ, ಕಲಿಸಿದ್ದನ್ನು ಶ್ರದ್ಧೆಯಿಂದ ಕಲಿಯುವುದು. ಗುರುವಿನ ಐದನ್ನು ಯಾರೂ ನಮಗೆ ಹೇಳಿಕೊಡಲಿಲ್ಲ. ಒಂದು, ಶಿಷ್ಯನನ್ನು ಚೆನ್ನಾಗಿ ತಿದ್ದುವುದು. ಎರಡು, ಮನಸ್ಸಿಗೆ ಹತ್ತುವಂತೆ ಕಲಿಸುವುದು. ಮೂರು, ತನಗೆ ಗೊತ್ತಿರುವ ವಿದ್ಯೆಯನ್ನು ಮುಚ್ಚಿಡದೆ ಪೂರ್ತಿ ಕೊಡುವುದು. ನಾಲ್ಕು, ತನ್ನ ಗೆಳೆಯರು ಮತ್ತು ಬಲ್ಲವರ ನಡುವೆ ಶಿಷ್ಯನನ್ನು ಪರಿಚಯಿಸಿ ಅವನ ಬಗ್ಗೆ ಹೇಳುವುದು. ಐದು, ಅವನು ಯಾವ ದಿಕ್ಕಿಗೆ ಹೋದರೂ ಅವನಿಗೆ ರಕ್ಷಣೆ ಇರುವಂತೆ ಮಾಡುವುದು.

ಆ ನಾಲ್ಕನೆಯದನ್ನು ಮತ್ತೊಮ್ಮೆ ಓದಿ. ಇಂದಿನ ವಿಶ್ವವಿದ್ಯಾಲಯದ ಭಾಷೆಯಲ್ಲಿ ಅದರ ಹೆಸರು ಶಿಫಾರಸು ಪತ್ರ.

*ಒಂದು ಪ್ರಶ್ನೆ*

ಇದನ್ನು ಈಗ ಬರೆಯಲು ಕಾರಣವಿದೆ. ನನ್ನ ಹತ್ತಿರ ಹತ್ತನೇ ತರಗತಿಯವರೆಗೆ ಕನ್ನಡ ಕಲಿತ ಗೋಗಿಯ ಹುಡುಗಿಯೊಬ್ಬಳು ಈಗ ಎಂ.ಎಸ್ಸಿ. ಮುಗಿಸಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ತಾಯಿ ಹತ್ತಿ ಬಿಡಿಸಲು ಹೋಗುತ್ತಾರೆ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲನೆಯವಳು.

ನಮ್ಮೂರ ನೆಲದಡಿ ಯುರೇನಿಯಂ ಇದೆ ಎಂದು ಪರಮಾಣು ಖನಿಜ ಇಲಾಖೆಯವರು ಕೊರೆದು ಕಂಡುಕೊಂಡ ಮೇಲೆ ಕುಡಿಯುವ ನೀರಿನ ಬಗ್ಗೆ ಇಲ್ಲಿ ಮಾತು ನಿಂತಿಲ್ಲವೆಂಬುದು ನಿಮಗೆ ಗೊತ್ತು. ಈ ಹುಡುಗಿ ಆ ಮಾತು ಕೇಳುತ್ತಲೇ ಬೆಳೆದವಳು. ಪ್ರಾಜೆಕ್ಟಿಗೆ ನೀರಿನ ಪರೀಕ್ಷೆಯನ್ನೇ ಆರಿಸಿಕೊಂಡಳು. ರಜೆಗೆ ಊರಿಗೆ ಬಂದಾಗಲೆಲ್ಲ ಬೋರ್‌ವೆಲ್‌ಗಳ ನೀರನ್ನು ಬಾಟಲಿಯಲ್ಲಿ ತುಂಬಿ, ಚೀಟಿ ಅಂಟಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಒಯ್ದಳು. ಮುಂದೆ ಒಂದು ಸಮ್ಮೇಳನಕ್ಕೆ ಆ ಕೆಲಸದ ಪೋಸ್ಟರ್ ಹೋಯಿತು. ಅದರಲ್ಲಿ ಇವಳ ಹೆಸರು ಮೂರನೆಯದು. ಲ್ಯಾಬಿನವರೆಲ್ಲ ಕೂತಿದ್ದ ಸಭೆಯಲ್ಲಿ ಇವಳು ಎದ್ದು, ಇದು ಹೇಗೆ ಎಂದು ಗೈಡ್ ಅವರನ್ನು ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಆಮೇಲೆ ನಾಲ್ಕು ತಿಂಗಳು ಅವರು ಇವಳೊಡನೆ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಒಂದು ಮಾತೂ ಆಡಲಿಲ್ಲ. ಪದವಿ ಬಂತು. ಈಗ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಅರ್ಜಿ ಹಾಕಬೇಕು. ಹಣಕ್ಕೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಆದರೆ ಮೊದಲು ಅಲ್ಲಿ ಸೀಟು ಸಿಗಬೇಕು. ಸೀಟು ಕೊಡುವವರು ಕೇಳುವುದು, ನಿನ್ನ ಕೆಲಸ ಕಂಡವರ ಪತ್ರ. ಅವಳ ಕೆಲಸವನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವರು ಆ ಗೈಡ್ ಅವರೇ.

ಅವಳು ನನಗೆ ಫೋನು ಮಾಡಿ ಹೇಳಿದ ಮಾತು ಇದು:

"ಸರ್, ನಮ್ಮಪ್ಪ ಗೌಡರ ಕಟ್ಟಿ ಕೆಳಗ ಕೈ ಕಟ್ಕೊಂಡು ನಿಂತಿದ್ದು ಸಾಕು. ಈಗ ನಾ ಓದಿ, ಮತ್ತ ಇನ್ನೊಬ್ಬರ ಮುಂದ ಹಂಗ ನಿಂದ್ರಬೇಕೇನ್ರಿ? ಕೇಳಿದ್ರ ಸೋತಂಗ. ಕೇಳದಿದ್ರ ಸೀಟು ಹೋದಂಗ."

ಬಂಧುಗಳೇ, ಈ ಮಾತಿನ ಭಾರ ಬೇರೆಯವರಿಗೆ ತಿಳಿಯುವುದು ಕಷ್ಟ. ನಮಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಚೀಟಿಗಾಗಿ, ಒಂದು ಸಹಿಗಾಗಿ ನಮ್ಮ ಹಿರಿಯರು ಎಷ್ಟು ಬಾಗಿಲುಗಳ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಬಾಬಾಸಾಹೇಬರು ನಮಗೆ ಕೊಟ್ಟದ್ದು ಮೊದಲು ಸ್ವಾಭಿಮಾನ, ಆಮೇಲೆ ಉಳಿದದ್ದೆಲ್ಲ. ಆದ್ದರಿಂದ ಅವಳ ಪ್ರಶ್ನೆಗೆ "ಹೋಗಲಿ ಬಿಡವ್ವಾ, ಒಂದು ಸಾರಿ ಕೈ ಮುಗಿದುಬಿಡು, ಕೆಲಸ ಆಗಲಿ" ಎಂದು ಉತ್ತರ ಕೊಡಲಾಗುವುದಿಲ್ಲ. "ಬೇಡವೇ ಬೇಡ, ಸ್ವಾಭಿಮಾನ ದೊಡ್ಡದು" ಎಂದು ಹೇಳಿ ಸೀಟು ಕಳೆಯಲೂ ಆಗುವುದಿಲ್ಲ. ಧಮ್ಮದಲ್ಲಿ ಇದಕ್ಕೊಂದು ದಾರಿ ಇದೆಯೇ ಎಂದು ಹುಡುಕಬೇಕು.

*ಎರಡು ಪದಗಳು*

ಕನ್ನಡದ ಮೇಷ್ಟ್ರು ನಾನು, ಮೊದಲು ಪದಗಳ ಕಡೆಗೆ ನೋಡುತ್ತೇನೆ. ಶಿಫಾರಸು ಎಂಬುದು ಪಾರಸಿಯಿಂದ ಬಂದ ಮಾತು. ನಮ್ಮ ಭಾಗದಲ್ಲಿ ಅದರ ಜೊತೆಗೇ ಓಡಾಡುವ ಇನ್ನೊಂದು ಮಾತಿದೆ, ವಶೀಲಿ. ಅವನಿಗೆ ವಶೀಲಿ ಐತಿ, ಕೆಲಸ ಆಯ್ತು ಅನ್ನುತ್ತೇವೆ. ಇವೆರಡೂ ಕೂಡಿ ಶಿಫಾರಸು ಎಂದರೆ ದೊಡ್ಡವರ ಕೃಪೆ ಎಂಬ ಅರ್ಥ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಕೃಪೆಯನ್ನು ಬೇಡಬೇಕು, ಬೇಡುವವನು ತಗ್ಗಬೇಕು.

ಸಿಗಾಲನಿಗೆ ಬುದ್ಧರು ಹೇಳಿದ್ದರಲ್ಲಿ ಕೃಪೆಯ ಮಾತೇ ಇಲ್ಲ. ಅಲ್ಲಿರುವುದು ಸಾಕ್ಷಿ. ಈ ಹುಡುಗ ನನ್ನ ಬಳಿ ಇಷ್ಟು ಕಾಲ ಇದ್ದ, ಇಷ್ಟು ಕಲಿತ, ಇಷ್ಟು ಮಾಡಬಲ್ಲ ಎಂದು ಕಂಡವನು ಕಾಣದವನಿಗೆ ಹೇಳುವುದು. ಕೆಲಸ ಮಾಡಿದವರು ಸಾಕ್ಷಿ ಕೇಳಿದರೆ ಅದು ಬೇಡಿದ ಹಾಗಾಗುವುದಿಲ್ಲ. ನೆಲ ಉತ್ತವನು ಪಹಣಿ ಕೇಳಿದಂತೆ, ಪರೀಕ್ಷೆ ಬರೆದವನು ಅಂಕಪಟ್ಟಿ ಕೇಳಿದಂತೆ.

ಆದರೆ ಅಂಕಪಟ್ಟಿಗೂ ಈ ಪತ್ರಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನು ಮರೆಮಾಚಬಾರದು. ಅಂಕಪಟ್ಟಿ ಕಚೇರಿ ಕೊಡುತ್ತದೆ. ಸಾಕ್ಷಿಯನ್ನು ಒಬ್ಬ ಮನುಷ್ಯ ತನ್ನ ಮನಸ್ಸಿನಿಂದ ಕೊಡಬೇಕು. ಅದನ್ನು ಕಸಿದುಕೊಳ್ಳಲು ಬರುವುದಿಲ್ಲ, ಕೇಳಲು ಮಾತ್ರ ಬರುತ್ತದೆ. ಕೇಳುವ ರೀತಿಗೆ ಧಮ್ಮದಲ್ಲಿ ಇಷ್ಟು ಬೆಲೆ ಇರುವುದು ಅದಕ್ಕೇ.

*ಪ್ರಶ್ನೆ ಮಾಡಿದ್ದು ತಪ್ಪೇ?*

ಗುರುವನ್ನು ಪ್ರಶ್ನಿಸಿದವಳಿಗೆ ಅದೇ ಗುರುವಿನ ಮುಂದೆ ನಿಲ್ಲುವ ಹಕ್ಕು ಉಳಿಯುತ್ತದೆಯೇ ಎಂದು ಕೆಲವರು ಕೇಳಬಹುದು. ವಿನಯಪಿಟಕದ ಮಹಾವಗ್ಗದಲ್ಲಿ ಉಪಾಧ್ಯಾಯ ಮತ್ತು ಶಿಷ್ಯ ಒಬ್ಬರಿಗೊಬ್ಬರು ಹೇಗಿರಬೇಕೆಂದು ಉದ್ದಕ್ಕೆ ಹೇಳಿದೆ. ಪಾತ್ರೆ ತೊಳೆಯುವುದು, ಆಸನ ಹಾಸುವುದು, ಕಾಯಿಲೆಯಲ್ಲಿ ನೋಡಿಕೊಳ್ಳುವುದು ಎಲ್ಲ ಇದೆ. ಅದೇ ಪಟ್ಟಿಯಲ್ಲಿ ಇನ್ನೂ ಎರಡು ಮಾತಿವೆ. ಉಪಾಧ್ಯಾಯರಲ್ಲಿ ತಪ್ಪು ದೃಷ್ಟಿ ಹುಟ್ಟಿದರೆ ಶಿಷ್ಯ ಅದನ್ನು ಬಿಡಿಸಬೇಕು. ಉಪಾಧ್ಯಾಯರು ತಪ್ಪಾಗುವಂಥ ಮಾತಿನ ಹತ್ತಿರ ಬಂದರೆ ಶಿಷ್ಯ ತಡೆಯಬೇಕು. ಅಂದರೆ ಗುರುವನ್ನು ತಿದ್ದುವುದೂ ಸೇವೆಯ ಪಟ್ಟಿಯೊಳಗೇ ಇದೆ. ಎದುರು ಮಾತಾಡಿದವನು ಶಿಷ್ಯನೇ ಅಲ್ಲ ಎಂಬ ನೀತಿ ನಮ್ಮದಲ್ಲ. ಏಕಲವ್ಯನ ಹೆಬ್ಬೆರಳು ಕೇಳಿದ ಪರಂಪರೆಯ ನೀತಿ ಅದು.

ಬುದ್ಧರ ಬದುಕಿನಲ್ಲೇ ನೋಡಿ. ಮನೆ ಬಿಟ್ಟ ಸಿದ್ಧಾರ್ಥ ಮೊದಲು ಆಳಾರ ಕಾಲಾಮರ ಬಳಿ ಕಲಿತರು. ಕಲಿಯುವುದೆಲ್ಲ ಕಲಿತಾಯಿತು. ಆಳಾರ ಕಾಲಾಮರು ಅವರನ್ನು ತಮ್ಮ ಸಮಕ್ಕೆ ಕೂರಿಸಿ, ಬಾ, ಇಬ್ಬರೂ ಕೂಡಿ ಈ ಶಿಷ್ಯ ಬಳಗವನ್ನು ನಡೆಸೋಣ ಎಂದರು. ಸಿದ್ಧಾರ್ಥರಿಗೆ ಆ ಸಿದ್ಧಾಂತ ಸಾಲಲಿಲ್ಲ. ಒಪ್ಪದೆ ಹೊರಟುಹೋದರು. ವರ್ಷಗಳ ನಂತರ ಬೋಧಿ ಪಡೆದು, ಇದನ್ನು ಮೊದಲು ಯಾರಿಗೆ ಹೇಳಲಿ ಎಂದು ಯೋಚಿಸಿದಾಗ ಅವರ ಮನಸ್ಸಿಗೆ ಬಂದ ಮೊದಲ ಹೆಸರು ಅದೇ ಆಳಾರ ಕಾಲಾಮ. ಅವರು ಪಂಡಿತರು, ಬೇಗ ತಿಳಿಯಬಲ್ಲರು ಎಂದರು. ಅಷ್ಟರಲ್ಲಿ ಆಳಾರರು ತೀರಿಕೊಂಡಿದ್ದರು. ಸಿದ್ಧಾಂತ ಒಪ್ಪದೆ ಬಿಟ್ಟುಬಂದದ್ದನ್ನು ಬುದ್ಧರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಮನುಷ್ಯನ ಗುಣವನ್ನು ಅಲ್ಲಗಳೆಯಲೂ ಇಲ್ಲ.

*ಬಾಬಾಸಾಹೇಬರು ಮತ್ತು ಪ್ರೊ. ಕ್ಯಾನನ್*

ಈಗ ಇನ್ನೂ ಹತ್ತಿರದ ಉದಾಹರಣೆ. ಕೊಲಂಬಿಯಾದಲ್ಲಿ ಬಾಬಾಸಾಹೇಬರ ಗುರುಗಳಾಗಿದ್ದ ಪ್ರೊ. ಸೆಲಿಗ್ಮನ್ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರೊ. ಫಾಕ್ಸ್‌ವೆಲ್ ಅವರಿಗೆ ತಮ್ಮ ಶಿಷ್ಯನ ಬಗ್ಗೆ ಪತ್ರ ಬರೆದರು. ಗುರುವಿನ ನಾಲ್ಕನೆಯ ಕರ್ತವ್ಯ ಬಾಬಾಸಾಹೇಬರ ಪಾಲಿಗೂ ಬೇಕಾಗಿತ್ತು ಎಂಬುದನ್ನು ನೆನಪಿಡಿ. ಅಷ್ಟು ದೊಡ್ಡ ವಿದ್ವಾಂಸನಿಗೂ, ಇವನನ್ನು ನಾನು ಬಲ್ಲೆ ಎನ್ನುವ ಒಬ್ಬ ಗುರು ಬೇಕಾಗಿತ್ತು.

ಲಂಡನ್ನಿನಲ್ಲಿ ಅವರ ಗುರುಗಳು ಪ್ರೊ. ಎಡ್ವಿನ್ ಕ್ಯಾನನ್. ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. ಬ್ರಿಟಿಷ್ ಸರ್ಕಾರ ಭಾರತದಲ್ಲಿ ನಡೆಸುತ್ತಿದ್ದ ನಾಣ್ಯ ಪದ್ಧತಿಯನ್ನು ಬಾಬಾಸಾಹೇಬರು ಅದರಲ್ಲಿ ಕಟುವಾಗಿ ಟೀಕಿಸಿದ್ದರು. 1923ರ ಮಾರ್ಚಿನಲ್ಲಿ ಪ್ರಬಂಧ ಪರೀಕ್ಷಕರ ಬಳಿ ತೊಡಕಿಗೆ ಸಿಕ್ಕಿತು. ಆಗಸ್ಟಿನಲ್ಲಿ ಮತ್ತೆ ಸಲ್ಲಿಸಿದರು. ನವೆಂಬರಿನಲ್ಲಿ ಒಪ್ಪಿಗೆಯಾಯಿತು. ಅದೇ 1923ರಲ್ಲಿ ಪುಸ್ತಕವಾಗಿಯೂ ಬಂತು. ಮುನ್ನುಡಿ ಬರೆದವರು ಪ್ರೊ. ಕ್ಯಾನನ್.

ಆ ಮುನ್ನುಡಿ ನಾವೆಲ್ಲ ಓದಬೇಕಾದದ್ದು. ಈ ಪುಸ್ತಕದ ಟೀಕೆಗಳಲ್ಲಿ ನಾನು ಒಪ್ಪದಿರುವುದು ಬಹಳ ಇದೆ ಎಂದು ಕ್ಯಾನನ್ ಮೊದಲಲ್ಲೇ ಹೇಳಿಬಿಡುತ್ತಾರೆ. ಆ ಪದ್ಧತಿಯ ಮೇಲೆ ಇವರಿಗಿರುವ ವಿರೋಧ ನನಗಿಲ್ಲ ಎನ್ನುತ್ತಾರೆ. ಅದೇ ಕೈಯಲ್ಲಿ, ಇವರು ತಪ್ಪು ಎಂದು ನನಗೆ ಅನಿಸಿದಾಗಲೂ ವಿಚಾರದಲ್ಲಿ ಹೊಸತನ ಕಂಡಿದ್ದೇನೆ ಎಂದೂ ಬರೆಯುತ್ತಾರೆ. ಕೊನೆಗೆ ಬಾಬಾಸಾಹೇಬರು ಮುಟ್ಟಿದ ತೀರ್ಮಾನದ ಕಡೆಗೇ ಒಲವು ತೋರುತ್ತಾರೆ. ಬಾಬಾಸಾಹೇಬರ ಮುನ್ನುಡಿಯೂ ಅಷ್ಟೇ ನೇರ. ಇಲ್ಲಿನ ಅಭಿಪ್ರಾಯಗಳಿಗೆ ನನ್ನ ಗುರುಗಳು ಹೊಣೆಯಲ್ಲ, ಆದರೆ ಅವರ ಕಠಿಣ ಪರೀಕ್ಷೆ ನನ್ನನ್ನು ಹಲವು ತಪ್ಪುಗಳಿಂದ ಉಳಿಸಿದೆ ಎಂದು ಋಣ ಒಪ್ಪಿಕೊಳ್ಳುತ್ತಾರೆ. ಗುರು ಶಿಷ್ಯನನ್ನು ಒಪ್ಪಲಿಲ್ಲ, ಶಿಷ್ಯ ತನ್ನ ವಾದ ಬಿಡಲಿಲ್ಲ. ಆದರೂ ಸಾಕ್ಷಿ ನಿಂತಿತು, ಕೃತಜ್ಞತೆಯೂ ನಿಂತಿತು.

ಇನ್ನೊಂದು ನೆನಪು ಇದಕ್ಕಿಂತ ಕಹಿಯಾದದ್ದು. 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಹೋದದ್ದು ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ಆ ನಗರದಲ್ಲಿ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಅದನ್ನು ಅವರು ಮರೆಯಲಿಲ್ಲ. ವೇಯ್ಟಿಂಗ್ ಫಾರ್ ಎ ವೀಸಾ ಎಂಬ ಆತ್ಮಕಥನದ ಬರಹದಲ್ಲಿ ಒಂದೊಂದು ವಿವರವನ್ನೂ ಬರೆದಿಟ್ಟರು. ಆದರೆ 1925ರಲ್ಲಿ ಪ್ರಾಂತೀಯ ಹಣಕಾಸಿನ ಬಗ್ಗೆ ಅವರ ಪುಸ್ತಕ ಹೊರಬಂದಾಗ, ಓದಿಗೆ ಕೊಟ್ಟ ನೆರವಿಗೆ ಕೃತಜ್ಞತೆಯಿಂದ ಅದನ್ನು ಸಯಾಜಿರಾಯರಿಗೇ ಅರ್ಪಿಸಿದರು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಸೆಲಿಗ್ಮನ್.

ಇಲ್ಲಿ ಸ್ವಲ್ಪ ನಿಲ್ಲೋಣ. ಆದ ಅವಮಾನವನ್ನೂ ಬರೆದರು, ಪಡೆದ ಉಪಕಾರವನ್ನೂ ಬರೆದರು. ಒಂದಕ್ಕಾಗಿ ಇನ್ನೊಂದನ್ನು ಅಳಿಸಲಿಲ್ಲ. ನನಗೆ ತಿಳಿದ ಮಟ್ಟಿಗೆ ಸ್ವಾಭಿಮಾನದ ಅತಿ ಎತ್ತರದ ರೂಪ ಇದು. ಸಿಟ್ಟಿನಲ್ಲಿರುವ ಮನಸ್ಸು ಒಂದೇ ಲೆಕ್ಕ ಇಡಬಲ್ಲದು. ಸ್ವತಂತ್ರ ಮನಸ್ಸು ಎರಡೂ ಲೆಕ್ಕ ಇಡುತ್ತದೆ.

*ಬೆಂಗಳೂರಿನ ಒಂದು ಪ್ರಯೋಗಾಲಯ*

ನಮ್ಮ ರಾಜ್ಯದಲ್ಲೇ ನಡೆದ ಸಂಗತಿಯೊಂದು ಇದೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಆಗ ಸಂಸ್ಥೆಯ ನಿರ್ದೇಶಕರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಬೇಡ ಎಂದರು. ಈಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಅಲ್ಲಿ ಶ್ರೀನಿವಾಸಯ್ಯ ಎಂಬ ಗುರುಗಳು ಆಕೆಗೆ ಮನಸ್ಸಿಟ್ಟು ಕಲಿಸಿದರು. ಕೆಲಸ ಕಂಡ ಮೇಲೆ ರಾಮನ್ ತಾವೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. ಕಮಲಾ ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಇಳಿವಯಸ್ಸಿನಲ್ಲಿ ಮಾತಾಡುವಾಗ, ರಾಮನ್ ದೊಡ್ಡ ವಿಜ್ಞಾನಿ, ಆದರೆ ಸಣ್ಣ ಮನಸ್ಸಿನಿಂದ ನಡೆದುಕೊಂಡರು ಎಂದು ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ವಿಜ್ಞಾನಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೇ ಹೀಗಾಯಿತು ಎಂದರೆ, ನಮ್ಮ ಕೇರಿಯ ಮಕ್ಕಳು ಆ ಬಾಗಿಲಲ್ಲಿ ಏನನ್ನು ಎದುರಿಸುತ್ತಾರೆಂದು ಊಹಿಸಬಹುದು. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಶ್ರೀನಿವಾಸಯ್ಯನವರು. ದೊಡ್ಡ ಕುರ್ಚಿಯಲ್ಲಿರುವವರು ನಿನ್ನನ್ನು ಕಾಣದಿದ್ದರೆ, ಪಕ್ಕದಲ್ಲಿ ನಿಂತು ನಿನ್ನ ಕೆಲಸ ಕಾಣುತ್ತಿರುವವರು ಯಾರಾದರೂ ಇರುತ್ತಾರೆ. ಅವರನ್ನು ಹುಡುಕು.

*ಕೇಳುವ ಮಾತು ಹೇಗಿರಬೇಕು*

ಚೆನ್ನಾಗಿ ಆಡಿದ ಮಾತಿಗೆ ಅಂಗುತ್ತರನಿಕಾಯದಲ್ಲಿ ಐದು ಗುಣ ಹೇಳಿದೆ. ಸಮಯಕ್ಕೆ ಸರಿಯಾಗಿ, ಸತ್ಯವಾಗಿ, ಮೃದುವಾಗಿ, ಪ್ರಯೋಜನವಾಗುವಂತೆ, ಮೈತ್ರಿಯ ಮನಸ್ಸಿನಿಂದ. ನಾನೂ ಆ ಹುಡುಗಿಯೂ ಈ ಐದನ್ನು ಎದುರಿಗಿಟ್ಟುಕೊಂಡೇ ಫೋನಿನಲ್ಲಿ ಅವಳ ಮನವಿ ಬರೆದೆವು. ನಿಮ್ಮ ಮನೆಯ ಮಕ್ಕಳಿಗೂ ಬೇಕಾಗಬಹುದು, ಅದಕ್ಕೆ ಬಿಡಿಸಿ ಹೇಳುತ್ತೇನೆ.

1. *ಸಮಯ.* ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಕೇಳಬಾರದು. ಅವಸರ ಮಾಡಿದರೆ ಸಿಟ್ಟಿಗೆ ನೆಪ ಸಿಗುತ್ತದೆ. ಒಂದು ತಿಂಗಳು ಮೊದಲೇ ಕೇಳಬೇಕು.

2. *ಸತ್ಯ.* ಜಗಳ ಆಗಲೇ ಇಲ್ಲ ಎಂಬಂತೆ ಬರೆಯಬಾರದು. ಹೊಗಳಿಕೆಯ ಸುರಿಮಳೆಯೂ ಬೇಡ, ಅದು ಸುಳ್ಳೆಂದು ಓದುವವರಿಗೂ ಗೊತ್ತಾಗುತ್ತದೆ. ಪೋಸ್ಟರಿನ ವಿಷಯದಲ್ಲಿ ನಮ್ಮ ನಡುವೆ ಭಿನ್ನಾಭಿಪ್ರಾಯ ಬಂತು, ನನ್ನ ಅಭಿಪ್ರಾಯ ಈಗಲೂ ಅದೇ ಇದೆ, ಆದರೆ ಉಪಕರಣ ನಡೆಸುವುದು, ಲೆಕ್ಕವನ್ನು ಎರಡು ಸಲ ನೋಡುವುದು ನಾನು ಕಲಿತದ್ದು ನಿಮ್ಮ ಬಳಿ ಎಂದು ಅವಳು ಬರೆದಳು. ಜಗಳಕ್ಕೆ ಒಂದೇ ವಾಕ್ಯ. ಅದಕ್ಕಿಂತ ಹೆಚ್ಚು ಬರೆದರೆ ವಾದ ಮತ್ತೆ ಶುರುವಾಗುತ್ತದೆ.

3. *ಮೃದುತ್ವ.* "ಕ್ಷಮೆ ಕೇಳಬೇಕೇನ್ರಿ?" ಎಂದು ಅವಳು ಕೇಳಿದಳು. ನಾನು ಹೇಳಿದೆ: "ಪ್ರಶ್ನೆ ಕೇಳಿದ್ದಕ್ಕೆ ಬೇಡವ್ವಾ. ದನಿ ಏರಿಸಿದ್ದಿ ಅಂತ ನಿನಗೇ ಅನಿಸಿದ್ರ, ಅಷ್ಟಕ್ಕ ಕೇಳು." ಅವಳು ಅಷ್ಟಕ್ಕೆ ಕೇಳಿದಳು. ಮಾಡಿದ್ದಕ್ಕೆ ಕ್ಷಮೆ ಕೇಳಿದರೆ ಮನಸ್ಸು ಹಗುರಾಗುತ್ತದೆ. ಮಾಡದ್ದಕ್ಕೆ ಕೇಳಿದರೆ ಬೆನ್ನು ಬಾಗುತ್ತದೆ.

4. *ಪ್ರಯೋಜನ.* ಬರೆಯುವವರಿಗೆ ಬೇಕಾದುದನ್ನೆಲ್ಲ ಜೊತೆಗೆ ಕಳಿಸಬೇಕು. ಎಷ್ಟು ತಿಂಗಳು ಕೆಲಸ ಮಾಡಿದೆ, ಎಷ್ಟು ಮಾದರಿ ತಂದೆ, ಯಾವ ಉಪಕರಣ ಬಳಸಿದೆ, ಪ್ರಬಂಧದ ಸಾರಾಂಶ, ಅಂಕಗಳು, ಅರ್ಜಿ ಹಾಕುವ ಜಾಗ, ಕೊನೆಯ ದಿನ. ಸಾಕ್ಷಿ ಹೇಳುವವನಿಗೆ ಸಂಗತಿಗಳು ನೆನಪಿರಬೇಕು. ಮರೆತವನು ಒಳ್ಳೆಯ ಮನಸ್ಸಿದ್ದರೂ ಪೊಳ್ಳು ಪತ್ರವನ್ನೇ ಬರೆಯುತ್ತಾನೆ.

5. *ಮೈತ್ರಿ.* ಬೇಡ ಎನ್ನಲು ಅವರಿಗೆ ದಾರಿ ಬಿಡಬೇಕು. ನನ್ನ ಕೆಲಸದ ಬಗ್ಗೆ ಒಳ್ಳೆಯ ಮನಸ್ಸಿನಿಂದ ಬರೆಯಲು ನಿಮಗೆ ಸಾಧ್ಯವಿದೆಯೇ, ಇಲ್ಲವಾದರೆ ದಯವಿಟ್ಟು ತಿಳಿಸಿ, ಬೇರೆಯವರನ್ನು ಕೇಳುತ್ತೇನೆ ಎಂದು. ಇದು ಸೌಜನ್ಯವೂ ಹೌದು, ಎಚ್ಚರವೂ ಹೌದು. ಒಲ್ಲದ ಮನಸ್ಸಿನಿಂದ ಬರೆದ ಪತ್ರ, ಪತ್ರವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಈ ಪತ್ರಗಳು ಸಾಮಾನ್ಯವಾಗಿ ಗುಟ್ಟಾಗಿ ನೇರ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ, ಒಳಗೆ ಏನಿದೆಯೆಂದು ವಿದ್ಯಾರ್ಥಿಗೆ ಕಾಣುವುದಿಲ್ಲ.

ಜೊತೆಗೆ, ಒಬ್ಬರನ್ನೇ ನೆಚ್ಚಿಕೊಳ್ಳಬಾರದು. ಲ್ಯಾಬಿನಲ್ಲಿ ಜೊತೆಗಿದ್ದ ಇನ್ನೊಬ್ಬ ಅಧ್ಯಾಪಕರು, ಥಿಯರಿ ಕಲಿಸಿದವರು, ವಿಭಾಗದ ಮುಖ್ಯಸ್ಥರು, ಹೀಗೆ ಇನ್ನಿಬ್ಬರು ಮೂವರ ಹೆಸರನ್ನು ಅವಳು ಮೊದಲೇ ಬರೆದಿಟ್ಟುಕೊಂಡಳು. ಬೇರೆ ದಾರಿ ಇದೆ ಎಂದು ಗೊತ್ತಿದ್ದವರ ಮಾತಿನಲ್ಲಿ ದೈನ್ಯ ಇರುವುದಿಲ್ಲ.

ಒಂಬತ್ತನೆಯ ದಿನ ಗೈಡ್ ಅವರಿಂದ ಉತ್ತರ ಬಂತು, ಎರಡು ಸಾಲು. ನೀನು ಮಾಡಿದ ಕೆಲಸದ ಬಗ್ಗೆ ಬರೆಯಬಲ್ಲೆ, ಲಿಂಕ್ ಕಳಿಸು ಎಂದು. ಪೋಸ್ಟರಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅವಳು ಲಿಂಕ್ ಕಳಿಸಿದಳು. ಸೀಟಿನ ಸುದ್ದಿ ಇನ್ನೂ ಬಂದಿಲ್ಲ. ಆದರೆ ಅವಳು ಹೇಳಿದ ಮಾತು ಸಿಕ್ಕಿತು, ಅದನ್ನು ನಿಮಗೂ ಕೊಡುತ್ತೇನೆ: "ಸರ್, ನಾ ಕೇಳಿದ್ನಿ, ಆದ್ರ ಬೇಡ್ಲಿಲ್ಲ. ಎರಡೂ ಬ್ಯಾರೆ ಅಂತ ಈಗ ಗೊತ್ತಾತ್ರಿ."

*ಜಾತಿಯ ಅವಮಾನವಾದರೆ*

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಆ ಗೈಡ್ ಜಾತಿ ಹಿಡಿದು ಏನಾದರೂ ಅಂದರೇನವ್ವಾ ಎಂದು ನಾನು ಮೊದಲೇ ಕೇಳಿದ್ದೆ. ಇಲ್ಲ, ಅವರ ಸಿಟ್ಟು ಎಲ್ಲರ ಮೇಲೂ ಹಾಗೇ ಎಂದಳು. ಹಾಗಾಗಿ ಅವಳದು ಗುರು ಶಿಷ್ಯರ ನಡುವಿನ ಭಿನ್ನಾಭಿಪ್ರಾಯ. ಮೇಲೆ ಹೇಳಿದ್ದೆಲ್ಲ ಅಂಥ ಜಗಳಕ್ಕೆ.

ಜಾತಿಯ ನಿಂದನೆ, ಬೇಕೆಂದೇ ಫೇಲು ಮಾಡುವುದು, ಹೆಣ್ಣುಮಕ್ಕಳಿಗೆ ಕಿರುಕುಳ, ಇವು ಭಿನ್ನಾಭಿಪ್ರಾಯವಲ್ಲ, ಅಪರಾಧ. ಇವು ನಡೆಯುತ್ತವೆ ಎಂಬುದು ನಮ್ಮ ಕಲ್ಪನೆಯಲ್ಲ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆ ತಾರತಮ್ಯವಾಗುತ್ತಿದೆ ಎಂದು ಪ್ರೊ. ಸುಖದೇವ್ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿತು. ನಮ್ಮ ಭಾಗದ ಮಕ್ಕಳು ಓದಲು ಹೋಗುವ ಹೈದರಾಬಾದಿನಲ್ಲೇ, ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲನನ್ನು 2016ರ ಜನವರಿ 17ರಂದು ಕಳೆದುಕೊಂಡೆವು. ಆ ನೋವು ಇನ್ನೂ ಹಸಿಯಾಗಿದೆ.

ಅಂಥಲ್ಲಿ ಮೈತ್ರಿಯ ಹೆಸರಿನಲ್ಲಿ ಯಾರೂ ನಮ್ಮ ಮಕ್ಕಳನ್ನು ಸುಮ್ಮನಿರಿಸಬಾರದು. ಸಂಘದಲ್ಲಿ ದೊಡ್ಡ ತಪ್ಪು ನಡೆದಾಗ ಬುದ್ಧರು ಸಹಿಸಿಕೊಳ್ಳಿ ಎಂದು ಬಿಡಲಿಲ್ಲ. ಸಭೆ ಸೇರಿಸಿ, ವಿಚಾರಿಸಿ, ನಿಯಮ ಮಾಡಿದರು. ವಿನಯಪಿಟಕ ಹುಟ್ಟಿದ್ದೇ ಹಾಗೆ. ನಮ್ಮ ಕಾಲದಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಪ್ರತಿ ವಿಶ್ವವಿದ್ಯಾಲಯದಲ್ಲೂ ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕೆಂದು ಯುಜಿಸಿ 2012ರಲ್ಲಿ ನಿಯಮ ಮಾಡಿತು. ದಿನಾಂಕ, ಸಾಕ್ಷಿ, ಸಂದೇಶಗಳನ್ನು ಕೂಡಿಟ್ಟು ಬರಹದಲ್ಲೇ ದೂರು ಕೊಡಬೇಕು. ಪತ್ರ ಸಿಗದೇ ಹೋದೀತು ಎಂಬ ಭಯಕ್ಕೆ ದೂರನ್ನು ನುಂಗಿಕೊಳ್ಳಬಾರದು. ಅಂಥವರ ಸಾಕ್ಷಿ ನಮಗೆ ಬೇಕಿಲ್ಲ, ಬೇರೆ ಸಾಕ್ಷಿಗಳನ್ನು ಹುಡುಕೋಣ. ಆ ಹುಡುಕಾಟದಲ್ಲಿ ಮಗು ಒಂಟಿಯಾಗದಂತೆ ನೋಡುವುದು ನಮ್ಮ ಬಳಗದ ಕೆಲಸ.

*ಕುರ್ಚಿಯ ಈ ಕಡೆ ಕೂತವರಿಗೆ*

ನಮ್ಮ ಬಳಗದಲ್ಲಿ ಶಿಕ್ಷಕರು, ಗುಮಾಸ್ತರು, ಅಧಿಕಾರಿಗಳು ಇದ್ದೀರಿ. ಸಹಿಗಾಗಿ ಜನ ಈಗ ನಮ್ಮ ಟೇಬಲ್ಲಿನ ಮುಂದೆಯೂ ನಿಲ್ಲುತ್ತಾರೆ. ಪ್ರತಿ ವರ್ಷ ಟಿ.ಸಿ. ಜೊತೆಗೆ ನಡತೆಯ ಪ್ರಮಾಣಪತ್ರ ಬರೆದುಕೊಡುವಾಗ, ವರ್ಷವಿಡೀ ತರಗತಿಯಲ್ಲಿ ನನ್ನೊಡನೆ ವಾದ ಮಾಡಿದ ಹುಡುಗನ ಮುಖವೂ ಎದುರಿಗೆ ಬರುತ್ತದೆ. ಆಗ ಸಿಗಾಲನ ಸುತ್ತವನ್ನು ನೆನೆಯುತ್ತೇನೆ. ಅವನ ಪಾಲಿನ ಸಾಕ್ಷಿ ನನ್ನ ಸಿಟ್ಟಿನ ಆಸ್ತಿಯಲ್ಲ.

ನಮ್ಮ ಭೀಮೆಯ ದಂಡೆಯ ಸನ್ನತಿಯಲ್ಲಿ ಸಮ್ರಾಟ ಅಶೋಕರ ಶಾಸನದ ಕಲ್ಲು ಸಿಕ್ಕಿತು. ಎಷ್ಟೋ ಕಾಲ ಅದು ಗುಡಿಯೊಂದರಲ್ಲಿ ವಿಗ್ರಹದ ಪೀಠವಾಗಿ, ಯಾರೂ ಓದದೆ ಬಿದ್ದಿತ್ತು. ಅದರ ಮೇಲಿರುವ ಶಾಸನಗಳಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವೂ ಒಂದು. ಮಾತಿನ ಮೇಲೆ ಹಿಡಿತವಿರಲಿ ಎಂಬುದು ಆ ಶಾಸನದ ತಿರುಳು. ಅಲ್ಲಿ ಸಿಕ್ಕ ಇನ್ನೊಂದು ಅಧಿಕಾರಿಗಳಿಗೆ ಹೇಳಿದ ಶಾಸನ. ಹೊಟ್ಟೆಕಿಚ್ಚು, ಮುಂಗೋಪ, ಕ್ರೌರ್ಯ, ಅವಸರ, ಸೋಮಾರಿತನ ಇದ್ದವರಿಂದ ನ್ಯಾಯ ನಡೆಯುವುದಿಲ್ಲ ಎಂದು ಅಶೋಕರು ಅದರಲ್ಲಿ ಎಚ್ಚರಿಸುತ್ತಾರೆ. ಶಿಫಾರಸು ಪತ್ರ ಬರೆಯುವ ಪ್ರತಿ ಮೇಷ್ಟ್ರ ಮೇಜಿನ ಮೇಲೂ ಆ ಪಟ್ಟಿ ಇರಬೇಕು.

*ಇಂದಿನ ಅಭ್ಯಾಸ*

ಮನಸ್ತಾಪ ಆಗಿ ಮಾತು ನಿಂತಿರುವ ಒಬ್ಬ ಗುರುವನ್ನೋ ಹಿರಿಯರನ್ನೋ ಇಂದು ನೆನಪಿಸಿಕೊಳ್ಳಿ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅವರಿಂದ ಆದ ನೋವು ಬರೆಯಿರಿ, ಬಲಕ್ಕೆ ಅವರಿಂದ ಕಲಿತದ್ದು ಬರೆಯಿರಿ. ಯಾವುದನ್ನೂ ಅಳಿಸಬೇಡಿ. ಆಮೇಲೆ ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂತು, ಎರಡೂ ಕಡೆಯನ್ನು ಒಂದೇ ಸಮನಾದ ಮನಸ್ಸಿನಿಂದ ಓದಿ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಇವತ್ತು ಒಂದು ಮಾತು ಹೇಳಿ: ನೀನು ದುಡಿದಿದ್ದೀ, ಸಾಕ್ಷಿ ಕೇಳುವ ಹಕ್ಕು ನಿನಗಿದೆ, ತಲೆ ಎತ್ತಿ ಮೆಲ್ಲಗೆ ಕೇಳು.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏

ನಮೋ ಬುದ್ಧಾಯ, ಜೈ ಭೀಮ್

_ಗೋಗಿ ಧಮ್ಮ ಅಧ್ಯಯನ ಬಳಗದ ದಿನದ ಚಿಂತನೆ. ಓದಿ, ಚರ್ಚಿಸಿ, ಕಾಲೇಜಿನಲ್ಲಿ ಓದುವ ಮಕ್ಕಳಿರುವ ಮನೆಗಳಿಗೆ ತಪ್ಪದೆ ಕಳಿಸಿ._